ಲೆದರ್ ಸೋಫಾ ಸಿಪ್ಪೆ ಏಳುತ್ತಿದೆ, ಪಾಲಿಶ್ ಮಾಡಿಸಿದರೆ ಸರಿಹೋಗುತ್ತಾ?

ಸಿಪ್ಪೆ ಏಳುತ್ತಿದೆ ಅಂದರೆ ಬಹುಮಟ್ಟಿಗೆ ಅದು ಅಸಲಿ ಚರ್ಮವಲ್ಲ. ಎದ್ದ ಚೂರಿನ ಹಿಂಬದಿ ನೋಡಿ. ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್ ಜಾತಿ. ತೇವ, ಬೆವರು ತಾಗಿ ಮೇಲಿನ ಪ್ಲಾಸ್ಟಿಕ್ ಪದರ ಸತ್ತುಹೋಗಿರುತ್ತದೆ. ಪಾಲಿಶ್‌ಗೆ ಸುರಿದ ಹಣ ದಂಡ. ಹೊಸ ಹೊದಿಕೆ ಹೊಲಿಸಿಬಿಡಿ.

ಹಿಂಬದಿ ನಾರುನಾರಾಗಿದ್ದರೆ ಬಹುಶಃ ಚರ್ಮ. ಅದು ಬಿರುಕು ಬಿಡುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಆದರೆ ರಿಪೇರಿಗೆ ಬಗ್ಗುತ್ತದೆ. ಕೆಲಸ ಬಲ್ಲವರು ಮೊದಲು ತಲೆ ಒರಗುವ ಜಾಗದ ಜಿಡ್ಡು ತೆಗೆಯುತ್ತಾರೆ (ಎಲ್ಲ ಕೊಬ್ಬರಿ ಎಣ್ಣೆಯ ಕೃಪೆ!). ಜಿಡ್ಡು ಉಳಿದರೆ ಹೊಸ ಬಣ್ಣ ಹಿಡಿಯುವುದೇ ಇಲ್ಲ. ಆಮೇಲೆ ಬಿರುಕಿಗೆ ಫಿಲ್ಲರ್ ತುಂಬಿ, ನಯವಾಗಿ ಉಜ್ಜಿ, ತೆಳುವಾಗಿ ಹಲವು ಸಲ ಬಣ್ಣ, ಅದರ ಮೇಲೆ ರಕ್ಷಣೆಯ ಲೇಪ. ಅಡ್ವಾನ್ಸ್ ಕೊಡುವ ಮೊದಲು ಸೋಫಾದ ಹಿಂದೆ, ಕಾಣದ ಮೂಲೆಯಲ್ಲಿ ಬಣ್ಣ ಹಚ್ಚಿಸಿ ನೋಡಿ. ಶೂ ಪಾಲಿಶ್ ಮಾತ್ರ ಬೇಡ, ಕೂತವರ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ.