ಸಾಕ್ಷಿ ಹೇಳುವುದಕ್ಕಾಗಿ ಮಾತ್ರೆ ಬಿಡಬೇಡಿ

ಹಾಸನದಲ್ಲಿ ಮನೋವೈದ್ಯೆಯಾಗಿ ಕೆಲಸ ಮಾಡುತ್ತೇನೆ. ಭಾನುವಾರ ಚರ್ಚಿಗೂ ಹೋಗುತ್ತೇನೆ. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಲ ಬಂದ ಪ್ರಶ್ನೆಗಳೆಲ್ಲ ಕ್ರೈಸ್ತ ಮನೆಗಳಿಂದಲೇ ಬಂದಿವೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಹತ್ತಿರ ಬಂತು, ಉಪವಾಸ ಕೂಟ ಶುರುವಾಯಿತು ಅಂದರೆ ಇವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಒಮ್ಮೆ ಉತ್ತರ ಕೇಳಿಸಿಕೊಂಡು ಹೋದವರೇ ಮುಂದಿನ ವರ್ಷ ನಾದಿನಿಯನ್ನು ಕರೆತಂದು ಅದನ್ನೇ ಕೇಳುತ್ತಾರೆ. ಖಿನ್ನತೆ ಸೋಮಾರಿತನವಾ, ನಾಟಕವಾ ಎಂದೆಲ್ಲ ಇಲ್ಲಿ ವಿವರಿಸುತ್ತಾ ಕೂರುವುದಿಲ್ಲ. ಅದು ಕಾಯಿಲೆ. ಅಲ್ಲಿಂದ ಮುಂದಕ್ಕೆ ಹೋಗೋಣ.

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು, ವಯಸ್ಸು 41. ಮಳೆಗಾಲದಲ್ಲಿ ಖಿನ್ನತೆ ಎಂದು ಡಾಕ್ಟರ್ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ ಕೊಟ್ಟರು. ನಾಲ್ಕು ತಿಂಗಳು ತೆಗೆದುಕೊಂಡೆ. ನಿದ್ದೆ ಬಂತು, ಅಡುಗೆಮನೆಗೆ ಕಾಲಿಡುವ ಮನಸ್ಸು ಬಂತು. ಅದೇ ಸಮಯದಲ್ಲಿ ನಮ್ಮ ಪ್ರಾರ್ಥನಾ ಕೂಟದವರು ನನಗಾಗಿ ಉಪವಾಸವಿದ್ದರು. ಈಗ ಅವರು, 'ದೇವರು ಗುಣ ಮಾಡಿದ್ದಾನೆ, ಇನ್ನೂ ಮಾತ್ರೆ ನುಂಗಿದರೆ ಅದು ಅಪನಂಬಿಕೆ, ಬರುವ ಭಾನುವಾರ ದೇವರು ಮಾಡಿದ್ದನ್ನು ಸಭೆಯ ಮುಂದೆ ನಿಂತು ಸಾಕ್ಷಿ ಹೇಳು' ಎನ್ನುತ್ತಾರೆ. ಮಾತ್ರೆ ನಿಲ್ಲಿಸಿ ಐದು ದಿನವಾಯಿತು. ತಲೆ ತಿರುಗುತ್ತದೆ, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ, ಕೆಟ್ಟ ಕೆಟ್ಟ ಕನಸು. ಇದು ಸೈತಾನನ ಶೋಧನೆ, ಸಹಿಸಿಕೋ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾತ್ರೆ ಮತ್ತೆ ಶುರು ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಇದು ಸೈತಾನನ ಕೆಲಸ ಅಲ್ಲ. ಈ ಜಾತಿಯ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಹೀಗಾಗುವುದುಂಟು. ತಲೆಸುತ್ತು, ವಾಕರಿಕೆ, ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು, ಕನಸು. ಮಿದುಳು ಮಾತ್ರೆಗೆ ಹೊಂದಿಕೊಂಡಿರುತ್ತದೆ, ಅದು ಇದ್ದಕ್ಕಿದ್ದಂತೆ ಇಲ್ಲವಾದರೆ ತಡಬಡಿಸುತ್ತದೆ. ಹಾಗಾದರೆ ಚಟ ಹಿಡಿದಿದೆ ಅಂತಲಾ? ಅಲ್ಲ. ಚಟದ ಪದಾರ್ಥ ದಿನ ಹೋದಂತೆ ಜಾಸ್ತಿ ಬೇಕೆನಿಸುತ್ತದೆ, ಅದಕ್ಕಾಗಿ ಮನಸ್ಸು ಹಾತೊರೆಯುತ್ತದೆ. ಎಸ್ಸಿಟಲೋಪ್ರಾಮ್ ಹಾಗಲ್ಲ. ನಿಲ್ಲಿಸುವ ದಿನ ಬಂದಾಗ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರೆ ಈ ತೊಂದರೆ ಬಹಳ ಕಡಿಮೆ.

ಆ ದಿನ ಯಾವಾಗ? ಮೊದಲ ಸಲ ಖಿನ್ನತೆ ಬಂದಿದ್ದರೆ, ಪೂರ್ತಿ ಚೆನ್ನಾದ ಮೇಲೆ ಇನ್ನೂ ಆರರಿಂದ ಒಂಬತ್ತು ತಿಂಗಳು. ಹಿಂದೆಯೂ ಬಂದು ಹೋಗಿದ್ದರೆ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ. ಒಟ್ಟು ನಾಲ್ಕು ತಿಂಗಳು ಸಾಲದು. ಇನ್ನೊಂದು ಮಾತು, ಇದು ನನ್ನದೇ ಎಚ್ಚರಿಕೆ: ಮಲೆನಾಡಿನವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಮಾತ್ರೆ ಇಳಿಸುವುದಿಲ್ಲ. ದಿನಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಘಾಟಿ ರಸ್ತೆ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ, ತೋಟದ ಮನೆಯಲ್ಲಿ ಮಾತಾಡಲು ಜನವಿಲ್ಲ. ನಿಮಗೆ ಕಾಯಿಲೆ ಶುರುವಾಗಿದ್ದೂ ಮಳೆಗಾಲದಲ್ಲೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಇಳಿಸುವುದಿಲ್ಲ. ನಿಮ್ಮ ಡಾಕ್ಟರ್ ಬೇರೆ ಥರ ಹೇಳಿದರೆ ಅವರ ಮಾತು ಕೇಳಿ. ಕೂಟದವರ ಮಾತು ಮಾತ್ರ ಬೇಡ.

ಈಗ ನನಗೆ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಮಾತ್ರೆ ಶುರು ಮಾಡಿದ ಮಾರನೇ ದಿನ ಗುಣ ಕಾಣುವುದಿಲ್ಲ. ಗೊಬ್ಬರ ಹಾಕಿದ ಮಾರನೇ ದಿನ ಕಾಫಿ ಗಿಡ ಚಿಗುರುವುದಿಲ್ಲ, ಹಾಗೆಯೇ ಇದು. ಎರಡು ವಾರ ಬೇಕು, ಕೆಲವರಿಗೆ ನಾಲ್ಕು, ಆರು. ಮೊದಲ ವಾರ ವಾಕರಿಕೆ, ಚಡಪಡಿಕೆಯೇ ಮುಂದಿರುತ್ತದೆ. ಆ ಹೊತ್ತಿಗೆ ಮನೆಯವರಿಗೆ ಗಾಬರಿಯಾಗಿ ಉಪವಾಸ ಪ್ರಾರ್ಥನೆ ಇಡಿಸುತ್ತಾರೆ. ಮಾತ್ರೆ ಹಿಡಿಯುವ ಹೊತ್ತಿಗೂ ಪ್ರಾರ್ಥನೆ ಮುಗಿಯುವ ಹೊತ್ತಿಗೂ ಸರಿಹೋಗುತ್ತದೆ. ದೇವರೇ ಗುಣ ಮಾಡಿದ ಎನ್ನುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಹಾಗೇ ನಂಬುತ್ತೇನೆ. ಆದರೆ ದೇವರು ಮಾತ್ರೆಯ ಮೂಲಕ ಮಾಡಿದ ಎನ್ನುವ ಮಾತನ್ನು ಯಾಕೆ ನುಂಗಿಬಿಡುತ್ತಾರೆ? ಜನರ ಮುಂದೆ ನಿಂತು 'ಮಾತ್ರೆ ಬಿಟ್ಟೆ, ಯೇಸುಸ್ವಾಮಿ ಬಿಡುಗಡೆ ಕೊಟ್ಟರು' ಎಂದು ಹೇಳಿಸುತ್ತಾರೆ. ಚಪ್ಪಾಳೆ, ಹಲ್ಲೆಲೂಯಾ.

ಕಾಯಿಲೆ ಆ ಭಾನುವಾರವೇ ಮರಳುವುದಿಲ್ಲ. ಕೆಲವು ವಾರ, ಕೆಲವು ತಿಂಗಳು ಬಿಟ್ಟು ಬರುತ್ತದೆ. ಆಗ ಆ ಹೆಂಗಸು ಯಾರ ಹತ್ತಿರ ಹೇಳಿಕೊಳ್ಳಬೇಕು? ಸಭೆಯ ಮುಂದೆ ಸಾಕ್ಷಿ ಹೇಳಿ ಆಗಿದೆ. ಮತ್ತೆ ನಿದ್ದೆಯಿಲ್ಲ ಎಂದರೆ ದೇವರನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ ಎಂದು ಒಳಗೊಳಗೇ ಕುಗ್ಗುತ್ತಾಳೆ. ಕೂಟಕ್ಕೆ ಹೋಗುವುದನ್ನು ಬಿಡುತ್ತಾಳೆ. ಊರಿನವರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಆಸ್ಪತ್ರೆ ಬಿಟ್ಟು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾಳೆ, ಅದೂ ತೀರಾ ತಡವಾಗಿ. ಮೊದಲ ಸಲ ಬಂದಾಗಿನ ಖಿನ್ನತೆಗೆ ಚಿಕಿತ್ಸೆ ಕೊಡುವುದು ಕಷ್ಟವಲ್ಲ. ಈ ನಾಚಿಕೆಯನ್ನು ಬಿಡಿಸುವುದು ಬಹಳ ಕಷ್ಟ.

ನಿಮಗೆ ಸಾಕ್ಷಿ ಹೇಳಬೇಕೆನಿಸಿದರೆ ಹೇಳಿ. ಪೂರ್ತಿ ಹೇಳಿ. 'ನನಗೆ ಖಿನ್ನತೆ ಇತ್ತು. ಡಾಕ್ಟರ್ ಮಾತ್ರೆ ಕೊಟ್ಟರು, ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ನೀವೆಲ್ಲ ಪ್ರಾರ್ಥಿಸಿದಿರಿ. ನಿದ್ದೆ ಬರುತ್ತಿದೆ. ದೇವರಿಗೆ ಸ್ತೋತ್ರ.' ಆ ಸಭೆಯಲ್ಲಿ ಇದೇ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಕೂತವರು ಖಂಡಿತ ಇರುತ್ತಾರೆ. ನಿಮ್ಮ ಮಾತು ಕೇಳಿ ಅವರು ಆಸ್ಪತ್ರೆಗೆ ಹೊರಡಬಹುದು.

ಅಪನಂಬಿಕೆ ಎಂದರಲ್ಲ, ಅವರು ಹೆಚ್ಚಾಗಿ ಎಸೆಯುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದ ವಾಕ್ಯ: ಯಾವುದಕ್ಕೂ ಚಿಂತೆ ಮಾಡಬೇಡಿ ಎನ್ನುವುದು. ಅದೇ ಪತ್ರದ ಎರಡನೇ ಅಧ್ಯಾಯವನ್ನೂ ಓದಲಿ. ಪತ್ರ ಬರೆದ ಪೌಲನಿಗೆ ನೆರವಾಗಲು ಆ ಊರಿನವರು ಕಳಿಸಿದ್ದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ಪೌಲ ಅವನಿಗಾಗಿ ನೊಂದಿದ್ದ. ಅವನನ್ನು ನಿಮ್ಮಲ್ಲಿಗೆ ಕಳಿಸಿದರೆ ನನ್ನ ದುಃಖವೂ ಕಡಿಮೆಯಾಗುತ್ತದೆ ಎಂದು ತಾನೇ ಬರೆಯುತ್ತಾನೆ, ಅದೂ ಸೆರೆಮನೆಯಿಂದ. ಚಿಂತೆ ಮಾಡಬೇಡಿ ಎಂದವನಿಗೇ ಚಿಂತೆಯಿತ್ತು. ಆ ವಾಕ್ಯ ಇರುವುದು ನೊಂದವರನ್ನು ಸಮಾಧಾನ ಮಾಡಲು, ಬೈಯಲು ಅಲ್ಲ. 88ನೇ ಕೀರ್ತನೆಯನ್ನೂ ಓದಲಿ. ಅದು ಶುರುವಾಗುವುದು ಮೊರೆಯಿಂದ, ಮುಗಿಯುವುದು ಕತ್ತಲೆಯಲ್ಲಿ. ಕೊನೆಗೆ ಸ್ತುತಿ ಇಲ್ಲ, ಬಿಡುಗಡೆ ಇಲ್ಲ. ಆದರೂ ಅದನ್ನು ಬೈಬಲಿನಿಂದ ಯಾರೂ ತೆಗೆದು ಹಾಕಲಿಲ್ಲ. ಕಥೋಲಿಕರಾಗಿದ್ದರೆ ಸಿರಾಖನ ಗ್ರಂಥದ 38ನೇ ಅಧ್ಯಾಯವೂ ನಿಮ್ಮ ಬೈಬಲಿನಲ್ಲಿದೆ. ಔಷಧಿಗಳನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ, ತಿಳಿದವನು ಅವುಗಳನ್ನು ತಾತ್ಸಾರ ಮಾಡುವುದಿಲ್ಲ ಎಂದಿದೆ. ಪ್ರಾರ್ಥನೆ ಮಾಡು ಎಂದೂ ಇದೆ, ವೈದ್ಯನಿಗೂ ಜಾಗ ಕೊಡು ಎಂದೂ ಇದೆ, ಒಂದರ ಹಿಂದೆ ಒಂದು.

ನಂಬಿಕೆಯಿಂದ ಮನಸ್ಸಿಗೆ ಬಲ ಬರುತ್ತದೆ ಎನ್ನುವುದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದಲ್ಲಿ ಸುಮಾರು 90,000 ನರ್ಸ್‌ಗಳ ಮಾಹಿತಿಯಿಂದ 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೊಮ್ಮೆಯಾದರೂ ಆರಾಧನೆಗೆ ಹೋಗುವವರಲ್ಲಿ ಆತ್ಮಹತ್ಯೆ ಸುಮಾರು ಐದು ಪಟ್ಟು ಕಡಿಮೆ ಕಂಡಿತು. ಹೋಗುವುದರಿಂದಲೇ ಹೀಗಾಯಿತು ಎಂದು ಇಷ್ಟರಿಂದಲೇ ತೀರ್ಪು ಕೊಡಲಾಗದು. ಆದರೆ ನಾನು ನೋಡುವುದಕ್ಕೂ ಇದಕ್ಕೂ ಹೊಂದುತ್ತದೆ. ವಾರಕ್ಕೊಮ್ಮೆ ಸ್ನಾನ ಮಾಡಿ ಮನೆಯಿಂದ ಹೊರಡುವುದು, ಹತ್ತು ಜನರ ಜೊತೆ ದನಿ ಎತ್ತಿ ಹಾಡುವುದು, ಒಂದು ವಾರ ಕಾಣದಿದ್ದರೆ 'ಯಾಕಮ್ಮ ಬರಲಿಲ್ಲ' ಎಂದು ಯಾರೋ ಬಾಗಿಲಿಗೆ ಬರುವುದು. ಇವು ಖಿನ್ನತೆಗೆ ಎದುರಾಗಿ ನಿಲ್ಲುವ ಸಂಗತಿಗಳು.

ಅದೇ ನಂಬಿಕೆ ತಿರುಗಿ ಹೊಡೆಯುವುದೂ ಉಂಟು. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಯವರು ಆಸ್ಪತ್ರೆ ಸೇರಿದ್ದ ಸುಮಾರು 600 ಹಿರಿಯ ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಬರೆದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕೆಲಸ ಎಂದುಕೊಂಡವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ನಿಮ್ಮ ಕೂಟದವರು ನಿಮ್ಮ ತಲೆಗೆ ತುಂಬುತ್ತಿರುವುದು ಇವೇ ಮಾತುಗಳನ್ನು. ಅವರು ಕೆಟ್ಟವರಲ್ಲ. ನಿಮಗಾಗಿ ಊಟ ಬಿಟ್ಟವರು. ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಆಮೇಲೂ ಮಾತ್ರೆ ಬಿಡು ಎಂದರೆ, ಬೇರೆ ಕೂಟ ಹುಡುಕಿಕೊಳ್ಳಿ.

ಪ್ರಶ್ನೆ: ಅಭಿಷೇಕದ ಎಣ್ಣೆ ತಲೆಗೆ ಹಚ್ಚಿದರೆ ನಿದ್ದೆ ಬರುತ್ತದಾ?

ಉತ್ತರ: ಪ್ರಾರ್ಥನೆಗೆಂದು ಹಚ್ಚಿಕೊಳ್ಳಿ, ನಿದ್ದೆಗೆಂದು ಅಲ್ಲ, ಬಾಟಲಿಗೆ ಬೆಲೆ ಹೇಳುವವನ ಬಾಗಿಲು ತುಳಿಯಬೇಡಿ.

ಪ್ರಶ್ನೆ: ಟಿವಿ ಪರದೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಫಿಟ್ಸ್ ಮಾತ್ರೆ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಿದರೆ ಜೀವ ಹೋಗಬಹುದು.

ಪ್ರಶ್ನೆ: ಮಗನಿಗೆ 20 ವರ್ಷ. ಯಾರೋ ಬೈದ ಹಾಗೆ ಕೇಳಿಸುತ್ತದಂತೆ, ಒಬ್ಬನೇ ಮಾತಾಡುತ್ತಾನೆ. ದೆವ್ವ ಬಿಡಿಸಲು ಒಬ್ಬರ ಹತ್ತಿರ ಕರೆದೊಯ್ಯಬೇಕೆಂದಿದ್ದೇವೆ.

ಉತ್ತರ: ಬೇಡ. ಈ ವಾರವೇ ಮನೋವೈದ್ಯರಿಗೆ ತೋರಿಸಿ. ಇಲ್ಲದ ದನಿ ಕೇಳಿಸುವ ಇಂಥ ಕಾಯಿಲೆಗೆ ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟ. ಕಥೋಲಿಕ ಧರ್ಮಸಭೆಯಲ್ಲಿ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಅನುಮತಿಯಿಲ್ಲದೆ ಯಾವ ಗುರುವೂ ದೆವ್ವ ಬಿಡಿಸುವ ವಿಧಿ ಮಾಡುವಂತಿಲ್ಲ. 1999ರಲ್ಲಿ ಪರಿಷ್ಕರಿಸಿದ ಆ ವಿಧಿಯೇ, ಮಾನಸಿಕ ಕಾಯಿಲೆಯನ್ನು ದೆವ್ವವೆಂದು ತಿಳಿಯಬೇಡಿ ಎಂದು ಎಚ್ಚರಿಸುತ್ತದೆ. ಬೆತ್ತ ಹಿಡಿದವನು, ಕಟ್ಟಿಹಾಕುವವನು ಯಾವ ಸಭೆಯ ಹೆಸರು ಹೇಳಿದರೂ ನಂಬಬೇಡಿ. ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಪ್ರಶ್ನೆ: ನನಗೆ ಬೈಪೋಲಾರ್ ಕಾಯಿಲೆ (ಕೆಲವೊಮ್ಮೆ ಖಿನ್ನತೆ, ಕೆಲವೊಮ್ಮೆ ಉನ್ಮಾದ), ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ತಪಸ್ಸುಕಾಲದಲ್ಲಿ ಉಪವಾಸ ಮಾಡಬಹುದಾ?

ಉತ್ತರ: ಮಾಡಬೇಡಿ. ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ಭೇದಿ, ತೊದಲು, ತೂರಾಟ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಇಡೀ ರಾತ್ರಿಯ ಪ್ರಾರ್ಥನೆಯೂ ನಿಮಗೆ ಬೇಡ. ಒಂದು ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಶುರುವಾಗಬಹುದು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ನಿಮ್ಮ ಫಾದರ್ ಕೂಡ ಹೇಳುತ್ತಾರೆ. ಕೇಳಿ ನೋಡಿ.

ಪ್ರಶ್ನೆ: ಗಂಡ ದಿನಾ ಕುಡಿಯುತ್ತಾರೆ. ಧ್ಯಾನಕೂಟಕ್ಕೆ ಕರೆದೊಯ್ದು ಒಂದೇ ಸಲ ಬಿಡಿಸಬಹುದಾ?

ಉತ್ತರ: ಧ್ಯಾನಕೂಟದಿಂದ ಕುಡಿತ ಬಿಟ್ಟು ಬಾಳು ಸರಿಮಾಡಿಕೊಂಡವರನ್ನು ಕಂಡಿದ್ದೇನೆ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಮೈ ನಡುಗಿ, ಬೆವತು, ಇಲ್ಲದ್ದು ಕಂಡು ಅರಚಾಡಬಹುದು. ಅದನ್ನು ದೆವ್ವ ಬಿಟ್ಟು ಹೋಗುವ ಲಕ್ಷಣ ಎಂದು ಸುತ್ತ ನಿಂತು ಪ್ರಾರ್ಥಿಸುತ್ತಾರೆ. ಅದು ಪ್ರಾಣಕ್ಕೆ ಅಪಾಯವಾಗುವ ತುರ್ತು ಸ್ಥಿತಿ. ಮೊದಲು ಒಂದು ವಾರ ಆಸ್ಪತ್ರೆ, ವಿಟಮಿನ್ ಬಿ1, ನಡುಕ ತಡೆಯುವ ಮಾತ್ರೆ. ಆಮೇಲೆ ಧ್ಯಾನಕೂಟ, ಧಾರಾಳವಾಗಿ.

ಪ್ರಶ್ನೆ: ನಮ್ಮ ಭಾವ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ಚರ್ಚಿನಲ್ಲಿ ಸಂಸ್ಕಾರ ಮಾಡಬಾರದಿತ್ತು, ಅವರು ನರಕಕ್ಕೇ ಹೋಗುತ್ತಾರೆ ಎಂದು ಹಿರಿಯರೊಬ್ಬರು ಅಕ್ಕನ ಮುಂದೆಯೇ ಹೇಳಿದರು.

ಉತ್ತರ: ಆ ಹಿರಿಯರು ಹಳೆಯ ಕಾಲದಲ್ಲೇ ನಿಂತಿದ್ದಾರೆ. 1917ರ ಕಥೋಲಿಕ ಧರ್ಮಸಭಾ ಕಾನೂನಿನಲ್ಲಿ ಅಂಥ ನಿಷೇಧ ಇತ್ತು. 1983ರ ಕಾನೂನಿನಲ್ಲಿ ಇಲ್ಲ. ತೀವ್ರ ಮಾನಸಿಕ ಕ್ಷೋಭೆ ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಧರ್ಮಸಭೆಯೇ ಬೋಧಿಸುತ್ತದೆ. ಅಕ್ಕನಿಗೆ ಇದನ್ನು ಹೇಳಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಈ ತಿಂಗಳುಗಳಲ್ಲಿ ಅವರಿಗೂ ಅಪಾಯ ಹೆಚ್ಚು. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ದೂರ ಬೀಗ ಹಾಕಿಡಿ, ಕೀ ಬೇರೆಯವರ ಹತ್ತಿರ ಇರಲಿ. ಸಾಯಬೇಕು ಎನ್ನುವ ಮಾತು ಅವರ ಬಾಯಿಂದ ಬಂದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕ್ರೈಸ್ತ ಮನೋವೈದ್ಯರೇ ಆಗಬೇಕಾ?

ಉತ್ತರ: ಬೇಡ. ಕೆಲಸ ಬಲ್ಲವರಾದರೆ ಸಾಕು.

ಪ್ರಶ್ನೆ: ನಾನು ಬೇಲೂರು ಕಡೆಯ ಸಣ್ಣ ಸಭೆಯ ಪಾಸ್ಟರ್. ಇಂಥವರು ಬಂದರೆ ನಾನೇನು ಮಾಡಬೇಕು?

ಉತ್ತರ: ಹೀಗೆ ಕೇಳಿದ್ದಕ್ಕೆ ಮನಸ್ಸು ತುಂಬಿ ಥ್ಯಾಂಕ್ಸ್ ಹೇಳುತ್ತೇನೆ. ಪ್ರಾರ್ಥನೆ ಮಾಡಿ, ಆಮೇಲೆ 'ಊಟ ಮಾಡುತ್ತಿದ್ದೀರಾ, ನಿದ್ದೆ ಹೇಗಿದೆ, ಸಾಯುವ ಯೋಚನೆ ಬರುತ್ತದಾ' ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ಸುಳ್ಳು. ಅವರು ಹೇಳಿದ್ದನ್ನು ಪ್ರಾರ್ಥನಾ ವಿಷಯ ಎಂದು ಕೂಟದಲ್ಲಿ ಓದಬೇಡಿ, ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ನಂಬರನ್ನು ಆರಾಧನೆಯ ಸಮಯ ಬರೆಯುವ ಬೋರ್ಡಿನಲ್ಲೇ ಬರೆಸಿ. ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಸಾಧ್ಯವಾದರೆ ನೀವೇ ಜೊತೆಗೆ ಹೋಗಿ, ಚೀಟಿ ಮಾಡಿಸಿ, ಪಕ್ಕದಲ್ಲಿ ಕೂತುಕೊಳ್ಳಿ.