ಬೆಟ್ಟದಲ್ಲಿ ತಪ್ಪಿಹೋದ ಮುಧೋಳ ನಾಯಿ

ಪ್ರಶ್ನೆ: ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಜೊತೆಗೆ ಬಂದ ಮುಧೋಳ ನಾಯಿ ಮೊಲ ಕಂಡು ಓಡಿತು. ಕತ್ತಲಾದರೂ ಬಂದಿಲ್ಲ. ಹೇಗೆ ಹುಡುಕಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮುಧೋಳ ಕಣ್ಣಳತೆಯಲ್ಲಿ ಬೆನ್ನಟ್ಟುವ ತಳಿ, ಮೊಲ ಕಣ್ಮರೆಯಾಗುವಷ್ಟರಲ್ಲಿ ಬಲು ದೂರ ಹೋಗಿರುತ್ತದೆ. ಆಮೇಲೆ ಜಾಡು ಮೂಸಿಕೊಂಡು ಹೊರಟಲ್ಲಿಗೇ ಮರಳಬಹುದು. ಹಾಗಾಗಿ ಕೊನೆಗೆ ಕಂಡ ಜಾಗದಲ್ಲಿ ನೀವು ಹೊದ್ದ, ಒಗೆಯದ ಕಂಬಳಿ ಹಾಸಿ, ನೀರಿಡಿ. ಅನ್ನ ಬೇಡ, ಹಂದಿ ಬರುತ್ತದೆ. ಚಿರತೆಯ ಕಾಡು, ರಾತ್ರಿ ಒಬ್ಬರೇ ಹೋಗಬೇಡಿ.

ನಸುಕಿನಲ್ಲಿ ನೂರು ಹೆಜ್ಜೆಗೊಮ್ಮೆ ಕರೆದು, ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. ಕೂಗುತ್ತಲೇ ನಡೆದರೆ ಅದರ ಕುಂಯ್‌ಗುಟ್ಟುವಿಕೆ ಕೇಳಿಸದು. ತೋಟದ ಬೇಲಿಕಂಡಿಗಳಲ್ಲಿ ಹಂದಿಗೆಂದು ಉರುಳು ಒಡ್ಡಿರುತ್ತಾರೆ, ಅಲ್ಲಿ ತಪ್ಪದೆ ನೋಡಿ. ಸಿಕ್ಕಿಬಿದ್ದಿದ್ದರೆ ಎಳೆಯಬೇಡಿ, ತಂತಿ ಇನ್ನೂ ಬಿಗಿಯುತ್ತದೆ. ಕಚ್ಚದಂತೆ ತಲೆಗೆ ಕಂಬಳಿ ಹೊದಿಸಿ, ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.

ಮೊಲದ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ. ಇನ್ನು ಬೆಟ್ಟಕ್ಕೆ ಹಗ್ಗ ಹಾಕಿಯೇ ಕರೆದೊಯ್ಯಿರಿ.