ಸಂಪಾದಕರ ಉತ್ತರ: ಐಡಾ ವೆಲ್ಸ್ ಅಂಕಿಗಳನ್ನು ತಂದದ್ದೆಲ್ಲಿಂದ?

ಮಾನ್ಯರೇ,

ಅಮೆರಿಕದ ಕಪ್ಪು ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಕುರಿತ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಆಕೆ ಹೋರಾಟಗಾರ್ತಿ ಸರಿ, ಪತ್ರಕರ್ತೆ ಎನ್ನುವುದು ಹೇಗೆ? ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದ ಗುಂಪುಹತ್ಯೆಗಳ ಅಂಕಿಗಳನ್ನು ಬಿಳಿಯರ ಪತ್ರಿಕೆಯಿಂದಲೇ ಎತ್ತಿಕೊಂಡ ಮೇಲೆ ಅವರ ಸ್ವಂತ ಕೆಲಸ ಯಾವುದು? ಎರಡನೆಯದಕ್ಕೆ ಉತ್ತರಿಸಿದರೆ ಮೊದಲನೆಯದಕ್ಕೂ ಉತ್ತರಿಸಿದಂತೆಯೇ.

1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದ ವೆಲ್ಸ್, 1889ರಲ್ಲಿ ಮೆಂಫಿಸ್‌ನ ‘ಫ್ರೀ ಸ್ಪೀಚ್’ ಪತ್ರಿಕೆಯ ಪಾಲುದಾರರಾದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿ ಬರೆದದ್ದಕ್ಕೆ 1891ರಲ್ಲಿ ಟೀಚರ್ ಕೆಲಸ ಹೋಯಿತು. ಆಮೇಲೆ ಪತ್ರಿಕೆಯೇ ಹೊಟ್ಟೆಪಾಡು. ಓದು ಬಾರದವರು ‘ಫ್ರೀ ಸ್ಪೀಚ್’ ಕೇಳಿದರೆ ಮಾರುವವರು ಬೇರೆ ಪತ್ರಿಕೆ ಕೈಗಿಡುತ್ತಿದ್ದರು. ಗುರುತು ಸಿಗಲೆಂದು ಅದನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದರು.

1892ರ ಮಾರ್ಚ್ 9ರಂದು ಅವರ ಗೆಳೆಯ, ಕಿರಾಣಿ ಅಂಗಡಿಯ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಬಿಳಿಯರ ಗುಂಪೊಂದು ಜೈಲಿನಿಂದ ಎಳೆದೊಯ್ದು ಕೊಂದಿತು. ಅತ್ಯಾಚಾರದ ಆರೋಪ ಮೂವರ ಮೇಲೂ ಇರಲಿಲ್ಲ. ಅವರ ಅಂಗಡಿ ಬಿಳಿಯ ವ್ಯಾಪಾರಿಯೊಬ್ಬನಿಗೆ ಪೈಪೋಟಿಯಾಗಿತ್ತು, ಅಷ್ಟೇ. ‘ನಮ್ಮ ಹೆಂಗಸರ ಮಾನ ಕಾಯಲು ಕೊಂದೆವು’ ಎಂಬ ಮಾಮೂಲು ಸಮಜಾಯಿಷಿಯನ್ನು ವೆಲ್ಸ್ ಒರೆಗೆ ಹಚ್ಚತೊಡಗಿದ್ದು ಇಲ್ಲಿಂದ. ಆ ಸಮಜಾಯಿಷಿಯನ್ನು ಪ್ರಶ್ನಿಸಿದ ಮೇ ತಿಂಗಳ ಸಂಪಾದಕೀಯಕ್ಕೆ ಪತ್ರಿಕಾ ಕಚೇರಿಯೇ ಧ್ವಂಸವಾಯಿತು. ಊರಲ್ಲಿರಲಿಲ್ಲವಾಗಿ ಬದುಕಿಕೊಂಡರು, ‘ನ್ಯೂಯಾರ್ಕ್ ಏಜ್’ ಪತ್ರಿಕೆ ಸೇರಿದರು.

ಇನ್ನು ಅಂಕಿಗಳು. ಬಿಳಿಯರ ಪತ್ರಿಕೆ ‘ಷಿಕಾಗೊ ಟ್ರಿಬ್ಯೂನ್’ ವರ್ಷವರ್ಷವೂ ಗುಂಪುಹತ್ಯೆಗಳ ಪಟ್ಟಿ ಕೊಡುತ್ತಿತ್ತು. ವೆಲ್ಸ್ ಬಳಸಿದ್ದು ಅದನ್ನೇ. ಕಪ್ಪು ಜನರ ಪತ್ರಿಕೆಗಳನ್ನು ಆಧರಿಸಿದ್ದರೆ ‘ಉತ್ಪ್ರೇಕ್ಷೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಬಿಳಿಯರೇ ಕೂಡಿಸಿಟ್ಟ ಲೆಕ್ಕವನ್ನು ಹಾಗೆ ತಳ್ಳುವುದು ಕಷ್ಟ. ವೆಲ್ಸ್ ಅವರ 1895ರ ಕಿರುಪುಸ್ತಕ ‘ದಿ ರೆಡ್ ರೆಕಾರ್ಡ್’ನಲ್ಲಿ ಸತ್ತವರ ಹೆಸರುಗಳು ಆರೋಪವಾರು ಇವೆ, ಜೊತೆಗೆ ದಿನಾಂಕ, ಊರು. ಆರೋಪಗಳೆಂದರೆ ಕೊಲೆ, ಬೆಂಕಿ ಹಚ್ಚಿದ್ದು, ಬಿಳಿಯರಿಗೆ ಅವಮಾನ ಇಂಥವು. ‘ಯಾವ ಅಪರಾಧವೂ ಇಲ್ಲ’ ಎಂಬ ತಲೆಬರಹವೂ ಉಂಟು. ಎಷ್ಟು ಮಂದಿ ಸತ್ತರು ಎಂಬುದು ಪತ್ರಿಕೆ ಓದುವ ಎಲ್ಲರಿಗೂ ತಿಳಿಯುತ್ತಿತ್ತು. ಯಾವ ಆರೋಪಕ್ಕೆ ಎಷ್ಟು ಎಂದು ಕೇಳಿದ್ದೇ ವೆಲ್ಸ್ ಅವರ ಕೆಲಸ. ಅವರ 1892ರ ಕಿರುಪುಸ್ತಕ ‘ಸದರ್ನ್ ಹಾರರ್ಸ್’ನಲ್ಲೇ ಅದರ ಫಲ ಕಾಣುತ್ತದೆ: ಎಂಟು ವರ್ಷದಲ್ಲಿ ಸತ್ತ 728 ಮಂದಿಯ ಪೈಕಿ ಅತ್ಯಾಚಾರದ ಆರೋಪ (ಸಾಬೀತಾದದ್ದಲ್ಲ, ಬರೀ ಆರೋಪ) ಇದ್ದದ್ದು ಮೂರನೇ ಒಂದು ಪಾಲಿನವರ ಮೇಲೆ ಮಾತ್ರ.

ಈ ವಿಧಾನಕ್ಕೆ ಮಿತಿಯೂ ಇದೆ. ವರದಿಯಾಗದ ಸಾವು ಪಟ್ಟಿಯಲ್ಲಿಲ್ಲ. ಹಾಗಾಗಿ ಅದು ಕನಿಷ್ಠ ಲೆಕ್ಕ. ಆರೋಪವೂ ಕೊಂದವರ ಕಡೆಯ ಮಾತೇ.

ಪತ್ರಿಕೆಗಳನ್ನು ನಂಬಲಾಗದ ಕಡೆ ವೆಲ್ಸ್ ತಾವೇ ಹೋದರು. 1919ರಲ್ಲಿ ಅರ್ಕನ್ಸಾ ರಾಜ್ಯದ ಎಲೇನ್ ಊರಿನ ಸುತ್ತಮುತ್ತ ಪಾಲಿಗೆ ಬೇಸಾಯ ಮಾಡುತ್ತಿದ್ದ ಕಪ್ಪು ರೈತರ ಹತ್ಯಾಕಾಂಡವನ್ನು ಪತ್ರಿಕೆಗಳು ‘ಕರಿಯರ ದಂಗೆ’ ಎಂದು ಬರೆದವು. ಗಲ್ಲುಶಿಕ್ಷೆಯಾಗಿದ್ದ 12 ಮಂದಿಯನ್ನು ಕಾಣಲು ವೆಲ್ಸ್ ಕೈದಿಗಳ ಹೆಂಡಿರು, ತಾಯಂದಿರೊಡನೆ ನೆಂಟಳಂತೆ ಲಿಟಲ್ ರಾಕ್ ಜೈಲು ಹೊಕ್ಕರು. ಹತ್ಯೆಯ ವಿವರದ ಜೊತೆಗೆ ಎಷ್ಟು ಎಕರೆ ಹತ್ತಿ, ಎಷ್ಟು ಮೆಕ್ಕೆಜೋಳ, ದನಕರು ಎಷ್ಟು ಎಂದೂ ಕೇಳಿ ತಿಳಿದರು. ಬೆಳೆ ಯಾರ ಪಾಲಾಯಿತು ಎಂಬುದು ಆ ಲೆಕ್ಕದಿಂದ ಹೊರಬಂತು. ಕೈದಿಗಳು ಬಿಡುಗಡೆಯಾದದ್ದಕ್ಕೆ ಮುಖ್ಯವಾಗಿ ಕಾರಣ ವಕೀಲ ಸಿಪಿಯೊ ಜೋನ್ಸ್ ಮತ್ತು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ. ಅದನ್ನು ವೆಲ್ಸ್ ಖಾತೆಗೆ ಹಾಕುವುದು ಸಲ್ಲ.

1931ರಲ್ಲಿ ತೀರಿಕೊಂಡ ಅವರಿಗೆ ಪುಲಿಟ್ಜರ್ ಮಂಡಳಿ 2020ರಲ್ಲಿ ವಿಶೇಷ ಪುರಸ್ಕಾರ ಕೊಟ್ಟದ್ದು ವರದಿಗಾರಿಕೆಗಾಗಿಯೇ. ಓದುವುದಾದರೆ ಆತ್ಮಕಥೆಗಿಂತ ಮೊದಲು ‘ಸದರ್ನ್ ಹಾರರ್ಸ್’ ಹಿಡಿಯಿರಿ. ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ.

— ಸಂ.